ಹನ್ನೆರಡು ಪೆಟ್ಟಿಗೆಗಳ ಜಾಗ

ಫೋಟೋದಲ್ಲಿ ಆರೇಳು ವರ್ಷದ ಹುಡುಗಿಯೊಬ್ಬಳು ಮೂರು ದಪ್ಪ ಪುಸ್ತಕಗಳ ಮೇಲೆ ಬರಿಗಾಲಲ್ಲಿ ನಿಂತು, ಮೇಲಿನ ಶೆಲ್ಫಿಗೆ ಕೈ ಚಾಚಿದ್ದಳು.

“ಅಯ್ಯೋ ರಾಮ, ಪುಸ್ತಕ ತುಳೀತಿದಾಳಲ್ಲೇ,” ಎಂದ ಶ್ರೀನಿ. ನೈಜೀರಿಯಾದಿಂದ ಹೆಂಡತಿ ಅನಸೂಯಳ ಹೆಸರಿಗೆ ಬಂದ ಏರ್‌ಮೇಲ್ ಕವರನ್ನು ತಂದುಕೊಟ್ಟು, ಅವಳನ್ನು ಮನೆಗೆ ಕರೆದೊಯ್ಯಲು ಕಾರಿನ ಕೀ ಹಿಡಿದೇ ನಿಂತಿದ್ದ.

ಅನಸೂಯ ಫೋಟೋದ ಜೊತೆಗಿದ್ದ ಕಾಗದ ಬಿಡಿಸಿದಳು. ಬೆಳಗ್ಗೆ ಒಂಬತ್ತರಿಂದ ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್ಕಿನ ಈ ಚರ್ಚಿನ ಬೇಸ್‌ಮೆಂಟಿನಲ್ಲಿ ಪುಸ್ತಕ ಆರಿಸಿ ಆರಿಸಿ ಅವಳ ಸೊಂಟ ಬಿದ್ದುಹೋಗಿತ್ತು. ನೈಜೀರಿಯಾದ ಯುದ್ಧದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಎಂಬತ್ತು ಮಕ್ಕಳ ಅನಾಥಾಲಯಕ್ಕೊಂದು ಲೈಬ್ರರಿ ಮಾಡಿಕೊಡುತ್ತೇವೆಂದು ಅವಳೂ ಮಾರ್ಗರೆಟ್ಟೂ ಹಚ್ಚಿಕೊಂಡದ್ದು ಎಪ್ಪತ್ತೊಂದರಲ್ಲಿ. ಇದು ಎರಡನೆಯ ವರ್ಷ. ವರ್ಷಕ್ಕೊಂದು ಹಡಗು, ಅದರಲ್ಲಿ ಹನ್ನೆರಡೇ ಪೆಟ್ಟಿಗೆಗೆ ಜಾಗ, ಆರು ಪಾಠಪುಸ್ತಕಕ್ಕೇ ಮೀಸಲು. ಊರಿನವರೋ, ಗರಾಜು ಗುಡಿಸಿ ಸಿಕ್ಕಿದ್ದನ್ನೆಲ್ಲ ತಂದು ಸುರಿಯುತ್ತಿದ್ದರು. ಓಬೀರಾಯನ ಕಾಲದ ಇನ್ಶೂರೆನ್ಸ್ ಕಾನೂನು, ಹಳೆಯ ಟ್ಯಾಕ್ಸ್ ಗೈಡು, ಹಿಮ ತೆಗೆಯುವ ಯಂತ್ರದ ರಿಪೇರಿ ಪುಸ್ತಕ. ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದಂತೆ. ಇಲ್ಲಿ ಬರುತ್ತಿದ್ದದ್ದು ಬರೀ ಹಲ್ಲು.

“ಏನು ಬರೆದಿದ್ದಾರೆ?” ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದ ಮಾರ್ಗರೆಟ್ ಇಂಗ್ಲಿಷಿನಲ್ಲಿ ಕೇಳಿದಳು. ಸ್ಕೂಲ್ ಲೈಬ್ರರಿಯಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದ ಹೆಂಗಸು.

ಅನಸೂಯ ಓದಿ ಹೇಳಿದಳು. ಅನಾಥಾಲಯ ನೋಡಿಕೊಳ್ಳುವ ಮೇಟ್ರನ್ ಬಹಳ ಮರ್ಯಾದೆಯಿಂದ ಬರೆದಿದ್ದರು. ಕಥೆಪುಸ್ತಕಗಳು ಕಡಿಮೆ ಇರುವುದರಿಂದ ಹರಿಯದಿರಲೆಂದು ಮೇಲಿನ ಶೆಲ್ಫಿನಲ್ಲಿಟ್ಟಿದ್ದೇವೆ, ಒಂದು ಮಗುವಿಗೆ ಎರಡು ತಿಂಗಳಿಗೊಮ್ಮೆ ಸರದಿ ಬರುತ್ತದೆ. ದಪ್ಪ ಪುಸ್ತಕಗಳಿಗೂ ವಂದನೆಗಳು. ಚಿಕ್ಕವರು ಅವುಗಳ ಮೇಲೆ ಹತ್ತಿದರೆ ಶೆಲ್ಫು ಎಟುಕುತ್ತದೆ.

“ಯಾವ ದಪ್ಪ ಪುಸ್ತಕ? ಅವನ್ನೆಲ್ಲ ನಾನು ಕಸಕ್ಕೆ ಹಾಕಿದ್ದೆನಲ್ಲ,” ಎಂದಳು ಮಾರ್ಗರೆಟ್.

ಯಾರೋ ಅದಲುಬದಲು ಮಾಡಿರಬೇಕು ಎಂದುಬಿಡಬಹುದಿತ್ತು. ಸುಳ್ಳು ಹೇಳಲಿಕ್ಕೂ ತ್ರಾಣ ಬೇಕು, ಅದು ಅನಸೂಯಳಲ್ಲಿ ಉಳಿದಿರಲಿಲ್ಲ.

“ನಾನೇ ತುಂಬಿದ್ದು. ಹೋದ ವರ್ಷ ಕೊನೆ ಎರಡು ದಿನ ನಿನಗೆ ಜ್ವರ ಬಂದಿತ್ತಲ್ಲ, ಆಗ ನೀನು ಎಸೆದದ್ದನ್ನೆಲ್ಲ ಎತ್ತಿ ಹಾಕಿದೆ. ಐದು ಪೆಟ್ಟಿಗೆ. ನಮ್ಮಲ್ಲಿ ಪುಸ್ತಕ ಎಸೆಯೋದಿಲ್ಲ, ಮಾರ್ಗರೆಟ್. ನಮಗೆ ಅದು ದೇವರು, ಸರಸ್ವತಿ.”

“ಜಾಗ ಸಾಲದೆ ಉಳಿದ ಕಥೆಪುಸ್ತಕಗಳು?”

“ಚರ್ಚಿನ ಸೇಲಿಗೆ ಕೊಟ್ಟೆ.”

ಮಾರ್ಗರೆಟ್ ಪೆಟ್ಟಿಗೆಯೊಂದರ ಮೇಲೆ ಕುಸಿದು ಕುಳಿತಳು. ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಐದು ಪೆಟ್ಟಿಗೆ ಅಂದರೆ ಇನ್ನೂರು ಕಥೆಪುಸ್ತಕ,” ಎಂದಳು, ನೆಲ ನೋಡುತ್ತ.

ಅನಸೂಯಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಓದು ಬರುವ ಮಗುವಿನ ಕೈಗೆ ಎರಡು ತಿಂಗಳಿಗೊಂದು ಕಥೆ! ಅಷ್ಟು ಸಾಲದೆಂಬಂತೆ ಈ ಸಲವೂ, ಮಾರ್ಗರೆಟ್ ಕಾಫಿಗೆ ಹೋದಾಗಲೆಲ್ಲ, ಅವಳು ಮೂರು ಪೆಟ್ಟಿಗೆಗಳ ತಳದಲ್ಲಿ ಅಂಥವನ್ನೇ ಅಡಗಿಸಿದ್ದಳು. ಅವನ್ನು ಗೋಡೆಯ ಪಕ್ಕದಿಂದ ಎಳೆದು, ಒಂದೊಂದಾಗಿ ಟೇಪು ಕತ್ತರಿಸತೊಡಗಿದಳು.

“ನಾಳೆ ಮಾಡ್ಕೊಳ್ಳೇ. ಮುಖ ನೋಡು, ಎಷ್ಟು ಸೋತು ಹೋಗಿದೆ,” ಎಂದ ಶ್ರೀನಿ.

“ನಾಳೆ ಬೆಳಗ್ಗೇನೇ ಟ್ರಕ್ ಬರತ್ತೆ ರೀ. ಕೀ ಜೇಬಲ್ಲಿಟ್ಟು ಆ ಮೂಲೇಲಿರೋ ಕಥೆಪುಸ್ತಕ ಇತ್ತ ಕೊಡಿ.”

ಅವನು ಕೋಟು ಬಿಚ್ಚಿದ. ಆಮೇಲೆ ಮೆಲ್ಲಗೆ ಕೇಳಿದ, “ಪಾಪ ಸುತ್ಕೊಳ್ಳಲ್ವೇನೇ?”

“ನನಗೆ ಸುತ್ಕೊಳ್ಳಲಿ. ಆ ಮಕ್ಕಳು ಏನು ಮಾಡಿದ್ರು?”

ಮೊದಲ ಪುಸ್ತಕವನ್ನು ಅವಳು ಕಣ್ಣಿಗೊತ್ತಿಕೊಂಡು ಕಸದ ಡಬ್ಬಿಗೆ ಹಾಕಿದಳು. ಎರಡನೆಯದನ್ನೂ ಹಾಗೆಯೇ, ಮೂರನೆಯದನ್ನೂ. ಶ್ರೀನಿ ತಂದುಕೊಟ್ಟ ಕಥೆಪುಸ್ತಕಗಳನ್ನು ಮಾರ್ಗರೆಟ್ ತೆರವಾದ ಜಾಗದಲ್ಲಿ ಜೋಡಿಸುತ್ತ ಬಂದಳು. ಇಪ್ಪತ್ತನೆಯ ಪುಸ್ತಕದ ಹೊತ್ತಿಗೆ ಅನಸೂಯ ಕಣ್ಣಿಗೊತ್ತಿಕೊಳ್ಳುವುದನ್ನು ಬಿಟ್ಟಿದ್ದಳು.