ಮೀಸೆಯ ತಿರುವು

ಹಿಂದಿನಿಂದ ‘ಟಕ್’ ಎಂದದ್ದೇ ತಡ, ಬೊರ್ತೊಲೊ ತಾನೂ ಗೇರು ಏರಿಸಿ, ಸೀಟು ಬಿಟ್ಟೆದ್ದು, ಹಲ್ಲು ಕಚ್ಚಿ ಸೈಕಲ್ ತುಳಿಯತೊಡಗಿದ. ಬೆನ್ನಿಗಂಟಿಕೊಂಡು ಬರುತ್ತಿರುವ ಭಾವ ಎರ್ಮೆಸ್ ಗೇರು ಬದಲಿಸಿದನೆಂದರೆ ಇನ್ನೇನು ನುಗ್ಗಿದ ಎಂದೇ ಅರ್ಥ. ಹದಿನಾಲ್ಕನೇ ತಿರುವು ಬಂತು, ಹದಿಮೂರು ಬಂತು. ಎರ್ಮೆಸ್ ನುಗ್ಗಲೇ ಇಲ್ಲ. ಆ ಘಾಟಿಯಲ್ಲಿ ತಿರುವಿಗೊಂದು ಕಲ್ಲು. ಕಲ್ಲಿನ ಮೇಲೆ ಅಂಕಿ ಇಳಿದಂತೆಲ್ಲ ರಸ್ತೆ ಏರುತ್ತದೆ, ಉಸಿರೂ ಏರುತ್ತದೆ.

ಹಿಮ ಬಿದ್ದು ದಾರಿ ಮುಚ್ಚುವ ಮುಂಚಿನ ಕೊನೆಯ ಭಾನುವಾರ ಅದು. ಘಾಟಿ ಹತ್ತುತ್ತಿದ್ದವರಿಬ್ಬರೂ ಅರವತ್ತು ದಾಟಿದ ಘಾಟಿ ಮುದುಕರು. ಎರ್ಮೆಸ್ ಕೆಳಗಿನ ಊರಿನ ಕ್ಷೌರಿಕ. ಭಾಮೈದನ ಟಗರುಕೊಂಬಿನ ಮೀಸೆ ಕಂಡಾಗಲೆಲ್ಲ ಮೂವತ್ತು ವರ್ಷದಿಂದ ಅವನ ಕೈ ತುರಿಸುತ್ತಿತ್ತು. ಅವನದೂ ಅಂಥದ್ದೇ ಮೀಸೆ, ಆದರೆ ಸ್ವಂತದ್ದನ್ನು ಬೋಳಿಸಿಕೊಳ್ಳುವುದರಲ್ಲಿ ಏನು ಸುಖ? ಅದಕ್ಕೇ ಪಂದ್ಯ: ಘಾಟಿಯ ನೆತ್ತಿಯನ್ನು ಕೊನೆಗೆ ಮುಟ್ಟಿದವನ ಮೀಸೆ ಬೋಳು.

‘ಟಕ್.’

ಈ ಸಲ ಬೊರ್ತೊಲೊ ಕಂಕುಳ ಸಂದಿಯಿಂದ ಹಿಂದೆ ಇಣುಕಿದ. ಎರ್ಮೆಸನ ಎರಡೂ ಕೈ ಹ್ಯಾಂಡಲ್ಲಿನ ನಡುವೆ ಆರಾಮಾಗಿ ಮಲಗಿದ್ದವು. ಅಲ್ಲಾಡುತ್ತಿದ್ದದ್ದು ನಾಲಿಗೆ ಮಾತ್ರ.

“ಭಾವಾ! ಬಾಯಲ್ಲಿ ಗೇರು ಹಾಕ್ತಿದ್ದೀಯಾ?”

“ಕಾಲಲ್ಲಿ ಆಗ್ದೋರು ಎಲ್ಲಾದ್ರೂ ಹಾಕ್ಬೇಕಲ್ಲಪ್ಪಾ.”

ಗುಟ್ಟು ರಟ್ಟಾದ ಮೇಲೆ ಎರ್ಮೆಸನಿಗೆ ಇನ್ನೂ ಹುರುಪು. ಹಸುವಿನ ಕೊರಳ ಗಂಟೆ ಬಾರಿಸಿದ. ಹಾಲಿನ ಲಾರಿಯ ಹಾರ್ನ್ ಹೊಡೆದ. ಬೊರ್ತೊಲೊ ಬೆಚ್ಚಿ ಚರಂಡಿಯ ಅಂಚಿಗೆ ಸರಿದ. ಕೊನೆಗೆ ಎರ್ಮೆಸ್ ತನ್ನ ಹೆಂಡತಿ ಒತ್ತಿಲಿಯಾಳ ದನಿಯನ್ನೇ ತೆಗೆದ: “ಬೊರ್ತೊಲೊ, ಒಳಗೆ ಬನೀನು ಹಾಕ್ಕೊಂಡ್ಯೇನೋ?”

“ಹ್ಞೂಂ ಅಕ್ಕಾ,” ಎಂದುಬಿಟ್ಟ ಬೊರ್ತೊಲೊ. ಆಮೇಲೆ ನಾಲಿಗೆ ಕಚ್ಚಿಕೊಂಡ. ಅಕ್ಕ ಇದ್ದದ್ದು ಇನ್ನೂ ಹನ್ನೊಂದು ತಿರುವು ಮೇಲೆ, ಘಾಟಿಯ ನೆತ್ತಿಯ ತನ್ನ ಹೋಟೆಲಿನಲ್ಲಿ.

ಮೂರನೇ ತಿರುವಿನಲ್ಲಿ ‘ಕರ್‌ರ್... ಖಣ್’ ಎಂದಿತು. “ಬೊರ್ತೊಲೊ, ನಿಲ್ಲೋ! ಚೈನು ಬಿತ್ತು!”

“ಭೇಷ್! ಚೈನನ್ನೂ ಬಾಯಿಂದಲೇ ಬೀಳಿಸಿದ್ಯಾ?”

“ನಿಜವಾಗ್ಲೂ ಕಣೋ! ನಿಮ್ಮಕ್ಕನಾಣೆ!”

“ನಮ್ಮಕ್ಕನ ಮೇಲೆ ಆಣೆ ಹಾಕಿ ಹಾಕಿ ಅವಳನ್ನ ಸವೆಸಿಬಿಟ್ಟೆ, ಭಾವಾ!” ಎಂದು ಕೂಗಿ ಬೊರ್ತೊಲೊ ಹಿಂತಿರುಗಿ ನೋಡದೆ ತುಳಿದ. ಎರಡು, ಒಂದು, ನೆತ್ತಿ. ಹೋಟೆಲಿನ ಬಾಗಿಲಲ್ಲಿ ಸೈಕಲ್ ಒರಗಿಸಿ, ಬೆವರೂ ಒರೆಸಿಕೊಳ್ಳದೆ ಮೊದಲು ಮೀಸೆ ತಿರುವಿದ.

ಅಕ್ಕ ಕೊಟ್ಟ ಬಿಸಿ ಸೂಪು ತಣ್ಣಗಾಗುವ ಹೊತ್ತಿಗೆ ಎರ್ಮೆಸ್ ಬಂದ. ಎರಡೂ ಅಂಗೈ ಚಾಚಿದ. ಮೊಣಕೈವರೆಗೂ ಕಾಡಿಗೆ ಕಪ್ಪು.

“ಶಬ್ದ ಬಾಯಿಂದ ಬರುತ್ತೆ ಕಣಪ್ಪಾ,” ಎಂದ, “ಗ್ರೀಸು ಬರಲ್ಲ.”

ಬೊರ್ತೊಲೊನ ಚಮಚ ಸೂಪಿಗೆ ಬಿತ್ತು. ಆ ಕಣಿವೆಯಲ್ಲಿ ಚೈನು ಬಿದ್ದವನನ್ನು ಬಿಟ್ಟು ಮುಂದೆ ಹೋಗುವುದೆಂದರೆ ಹಸಿದವನ ತಟ್ಟೆ ಎಳೆದುಕೊಂಡಂತೆ. ಅಂಥವನಿಗೆ ಯಾವ ಅಂಗಡಿಯಲ್ಲೂ ಕಾಫಿ ಹುಟ್ಟುವುದಿಲ್ಲ. ಕಾಯಬೇಕು. ಎಷ್ಟು ಹೊತ್ತಾದರೂ ಕಾಯಬೇಕು.

“ಅವನು ಬಾಯಲ್ಲಿ ಗೇರು ಹಾಕಿದ, ಅಕ್ಕಾ! ನಿನ್ನ ದನೀನೂ ತೆಗೆದ!”

“ಬಾಯಲ್ಲಿ ಗೇರು ಹಾಕ್ಬಾರ್ದು ಅಂತ ಯಾರು ಹೇಳಿದಾರೆ?” ಎಂದ ಎರ್ಮೆಸ್.

“ನನ್ನ ದನಿ ತೆಗೆದ್ರಾ? ಎಲ್ಲಿ, ಈಗ ತೆಗೀರಿ ನೋಡೋಣ,” ಎಂದಳು ಒತ್ತಿಲಿಯಾ. ಎರ್ಮೆಸ್ ಗ್ರೀಸಿನ ಕೈಯನ್ನು ಚಡ್ಡಿಗೆ ಒರೆಸತೊಡಗಿದ.

ಅವಳು ಗಂಡನ ಹಿಂದೆ ಹೋಗಿ, ಮಿಕ್ಕ ಸೈಕಲ್ ಸವಾರರು ಬಾಳೆಹಣ್ಣು ಇಟ್ಟುಕೊಳ್ಳುವ ಬೆನ್ನ ಜೇಬಿಗೆ ಕೈ ಹಾಕಿದಳು. ಒದ್ದೆ ಟವೆಲ್, ಸಾಬೂನು, ಕತ್ತಿ ಹೊರಬಂದವು. “ಓಹೋ, ಗೆದ್ದೇ ಹೊರಟಿದ್ರೋ! ಕೂತ್ಕೊಳ್ಳಿ ಇಬ್ರೂ. ಒಬ್ಬರದು ಅರ್ಧ ಮೋಸ, ಒಬ್ಬಂದು ಅರ್ಧ ಅನ್ಯಾಯ. ಲೆಕ್ಕ ಸರಿಹೋಯ್ತು, ಇಬ್ರದೂ ಅರ್ಧರ್ಧ ಮೀಸೆ.”

“ಲೇ, ಬೋಳಿಸೋದಾದ್ರೆ ಪೂರ್ತಿ ಬೋಳಿಸೇ!” ಎಂದ ಎರ್ಮೆಸ್.

“ಪೂರ್ತಿ ಬೋಳಿಸೋಕೆ ಪೂರ್ತಿ ಸೋತಿರ್ಬೇಕು. ಬಾಯ್ಮುಚ್ಚಿ, ತುಟಿ ಹೋದೀತು.”

ಬೊರ್ತೊಲೊನ ಎಡಭಾಗ ಹೋಯಿತು, ಎರ್ಮೆಸನ ಬಲಭಾಗ. ಇಳಿಜಾರಿನ ಗಾಳಿಗೆಂದು ಇಬ್ಬರ ಅಂಗಿಯೊಳಗೂ ಹಳೆಯ ಪೇಪರು ತುರುಕಿ, ಚರ್ಚು ಬಿಡುವ ಹೊತ್ತಿಗೆ ಸರಿಯಾಗಿ ಊರ ಚೌಕ ದಾಟಬೇಕೆಂದು ಅಪ್ಪಣೆ ಮಾಡಿ ಅವಳು ಬಾಗಿಲು ಹಾಕಿಕೊಂಡಳು.

ಸ್ವಲ್ಪ ದೂರ ಇಬ್ಬರೂ ಮುಖ ಮರೆಸಿಕೊಂಡು ಹಿಂದೆ ಮುಂದೆ ಇಳಿದರು. ಆಮೇಲೆ ಬೊರ್ತೊಲೊ ಬ್ರೇಕು ಹಿಡಿದ. “ಭಾವಾ, ನನ್ನ ಎಡಕ್ಕೆ ಬಾ. ಹತ್ತಿರ. ಇನ್ನೂ ಹತ್ತಿರ.”

ಎದುರಿನಿಂದ ಏದುಸಿರು ಬಿಡುತ್ತ ಹತ್ತುತ್ತಿದ್ದ ಹಾಲಿನ ಲಾರಿ ಹಾರ್ನ್ ಹೊಡೆಯಲು ಹೋಗಿ, ಹೊಡೆಯದೆ, ಬದಿಗೆ ಸರಿದು ನಿಂತಿತು. ರಸ್ತೆಯ ತುಂಬ ಒಂದೇ ಮೀಸೆ ಇಳಿದು ಬರುತ್ತಿತ್ತು, ಎರಡಾಳಿನಗಲ.

“ತಿರುವು!” ಎಂದು ಕೂಗಿದ ಎರ್ಮೆಸ್. ಇಬ್ಬರೂ ಒಂದೊಂದು ಕೈ ಬಿಟ್ಟು, ತಮ್ಮ ತಮ್ಮ ತುದಿಯನ್ನು ತಿರುವಿದರು.