ಇಪ್ಪತ್ತೇಳರ ಟೈರು, ಇಪ್ಪತ್ತೆಂಟರ ಟ್ಯೂಬು

ಹೊಸ ಟ್ಯೂಬಿಗೆ ಬಳಿದ ಪೌಡರಿನ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ನಾನಾಗ ಐದನೇ ತರಗತಿಯ ಹುಡುಗಿ. ಕಾಕಾ ತಮ್ಮ ಹಳೆಯ ರೇಸ್ ಸೈಕಲ್ಲಿಗೆ ನವಿ ಪೇಠೆಯ ಬೀಗರ ಅಂಗಡಿಯಿಂದ ಟ್ಯೂಬು ತಂದಿದ್ದರು. ಬೀಗರನ್ನು ಬಿಟ್ಟು ಬೇರೆಯವರ ಅಂಗಡಿ ಹತ್ತುವ ರೂಢಿ ನಮ್ಮಲ್ಲಿರಲಿಲ್ಲ. ಕಾಕಾ ಅಂಗಳದಲ್ಲಿ ಕೂತು ಟ್ಯೂಬನ್ನು ತೆಳ್ಳನೆಯ ಟೈರಿನೊಳಗೆ ತುರುಕುತ್ತಿದ್ದರು. ಟೈರಿನ ಮೇಲೆ ಉಬ್ಬಿದ್ದ ಅಳತೆಯ ಅಂಕಿಗಳ ಮೇಲೆ ಬೆರಳಾಡಿಸಿ ಓದಿದೆ.

“ಕಾಕಾ, ಟೈರ್ ಮ್ಯಾಲ ಇಪ್ಪತ್ತೇಳು ಅದ. ಟ್ಯೂಬಿನ ಡಬ್ಬಿ ಮ್ಯಾಲ ಇಪ್ಪತ್ತೆಂಟು ಅದ.”

“ಬೀಗರು ಕೊಟ್ಟಾರ. ಅವರಿಗಿಂತ ನಿನಗ ಜಾಸ್ತಿ ತಿಳೀತದೇನವಾ? ಒಳಗ ಹೋಗಿ ಚಹಾ ತಾ.”

ದಪ್ಪ ಟ್ಯೂಬು ಒಳಗೆ ಮಡಿಕೆ ಬಿದ್ದಿತ್ತು. ಸಂಜೆ ಅಕ್ಕಲಕೋಟ ರಸ್ತೆಯಲ್ಲಿ ಒಡೆಯಿತು. ಕಾಕಾ ಸೈಕಲ್ಲು ನೂಕಿಕೊಂಡು ಬಂದು ಟ್ಯೂಬನ್ನು ಹೊರಗೆಳೆದರು. ಮಡಿಕೆಯ ಗೆರೆಗುಂಟ ರಬ್ಬರು ಸೀಳಿತ್ತು. ಅವರೂ ನೋಡಿದರು, ನಾನೂ ನೋಡಿದೆ.

“ಮೊದಲ ಅಪಶಕುನ ನುಡದಿ. ಇನ್ನೇನಾಗತದ,” ಎಂದರು.

ಮರುದಿನ ನನ್ನ ತಮ್ಮನ ಕೈ ಹಿಡಿದು ಅಂಗಡಿಗೆ ಹೊರಟರು. “ನಮ್ಮ ಸೈಕಲ್ಲಿಗೆ ಇಪ್ಪತ್ತೇಳರ ಟ್ಯೂಬ್ ಬೇಕು. ಗಂಡಸಾದವಗ ಇದೆಲ್ಲ ಗೊತ್ತಿರಬೇಕು,” ಎಂದು ದಾರಿಯುದ್ದಕ್ಕೂ ಅವನಿಗೆ ಹೇಳುತ್ತಾ ಹೋದರು.

ತಮ್ಮನಿಗೆ ಆಗಿನ್ನೂ ಹತ್ತರ ಮುಂದೆ ಎಣಿಸಲು ಬರುತ್ತಿರಲಿಲ್ಲ.