ನೆಲ ಕಾಣದ ಬೆನ್ನು

ಫಿನ್ಲೆಂಡಿನ ಅಂತರ್ಯುದ್ಧ ಮುಗಿದಿತ್ತು. ಸೋತ ಕೆಂಪು ಪಡೆಯ ನಲವತ್ತು ಕೈದಿಗಳು ಸೆರೆಶಿಬಿರದ ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಹಸಿವು ಎಲ್ಲರ ಮುಖವನ್ನೂ ಒಂದೇ ಥರ ಮಾಡಿತ್ತು.

"ನಿಮ್ಮಲ್ಲಿ ಕುಸ್ತಿಪಟು ಓಸ್ಕರಿ ಯಾರು?" ಹೊಸದಾಗಿ ಬಂದ ಅಧಿಕಾರಿ ಕೇಳಿದ.

ಯಾರೂ ಮುಂದೆ ಬರಲಿಲ್ಲ. ಹಿಂದಿನ ದಿನ ಹೀಗೆ ಹೆಸರು ಹಿಡಿದು ಕರೆದ ಇಬ್ಬರನ್ನೂ ಗುಂಡಿಕ್ಕಿ ಕೊಂದಿದ್ದರು.

"ಹೇಳದಿದ್ರೆ ಬೇಡ. ಅವನ ಮೈಯೇ ಹೇಳುತ್ತೆ." ಒಬ್ಬೊಬ್ಬರನ್ನೇ ಕೆಡವಲು ಅಧಿಕಾರಿ ದಢೂತಿ ಸಿಪಾಯಿಯೊಬ್ಬನಿಗೆ ಸನ್ನೆ ಮಾಡಿದ.

ಓಸ್ಕರಿ ಸಾಲಿನಲ್ಲೇ ಇದ್ದ. ಹನ್ನೊಂದು ವರ್ಷದಲ್ಲಿ ಅವನನ್ನು ಯಾರೂ ಚಿತ್ ಮಾಡಿರಲಿಲ್ಲ. ಎಂಥ ಪಟ್ಟು ಬಿದ್ದರೂ ಬೆನ್ನು ನೆಲ ಮುಟ್ಟುವ ಮೊದಲೇ ಅವನ ಮೈ ತಾನಾಗಿ ಹೊರಳಿಬಿಡುತ್ತಿತ್ತು.

"ಈ ಸಲ ಹೊರಳಬೇಡ ಕಣೋ," ಪಕ್ಕದ ಗೆಳೆಯ ಪಿಸುಗುಟ್ಟಿದ. "ಬೆನ್ನು ನೆಲಕ್ಕೆ ಕೊಟ್ಟುಬಿಡು. ಜೀವ ಉಳಿಯುತ್ತೆ."

ಓಸ್ಕರಿಯ ಸರದಿ ಬಂದಾಗ ಸಿಪಾಯಿ ಅವನನ್ನು ಸೊಂಟ ಹಿಡಿದೆತ್ತಿ ಒಗೆದ. ಓಸ್ಕರಿ ಹಲ್ಲು ಕಚ್ಚಿ, ಹೊರಳಲು ಹವಣಿಸಿದ ಮೈಯನ್ನು ಸಡಿಲ ಬಿಟ್ಟ. ಎರಡೂ ಭುಜ ಕೆಸರಿಗೆ ಅಂಟಿದವು. ಅಧಿಕಾರಿ ಮುಂದಿನವನತ್ತ ನಡೆದ.

ಸಾಲು ಮುಗಿಯಿತು. ಯಾರೂ ಹೊರಳಿರಲಿಲ್ಲ. ಅಧಿಕಾರಿ ಕೈಯಲ್ಲಿದ್ದ ಕಾಗದವನ್ನು ಮಡಚಿ ಜೇಬಿಗಿಟ್ಟ. "ಅವನು ಇಲ್ಲಿಲ್ಲ."

"ಓಸ್ಕರಿಯ ಬಿಡುಗಡೆಗೆ ಆದೇಶ ಬಂದಿದೆ ಅಂತ ಇವರಿಗೆ ಮೊದಲೇ ಹೇಳಬಹುದಿತ್ತಲ್ಲ ಸಾಹೇಬ್ರೆ?" ಸಿಪಾಯಿ ಏದುಸಿರು ಬಿಡುತ್ತ ಕೇಳಿದ.

"ಹೇಳಿದ್ದಿದ್ರೆ ನಲವತ್ತು ಮಂದಿಯೂ ಓಸ್ಕರಿಗಳೇ ಆಗಿಬಿಡ್ತಿದ್ರು."